ಅರಗಿಗೊಂದು ಗುರುತಿನ ಚೀಟಿ

ಚನ್ನಪಟ್ಟಣದ ಕಲಾನಗರ. ಬೆಳಗಿನ ಒಂಬತ್ತೂವರೆ. ಹೋಗಿದ್ದ ಕರೆಂಟು ಈಗಷ್ಟೇ ಬಂದಿದೆ. ಬೀದಿಯುದ್ದಕ್ಕೂ ಲೇತ್‌ಗಳು ಒಂದರ ಹಿಂದೊಂದು ಗುಂಯ್‌ಗುಡತೊಡಗಿವೆ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಅಂಗಾಲಿಗೆ ಆಲೆಮರದ ಹೊಟ್ಟು ಮೆತ್ತಗೆ ತಾಗುತ್ತದೆ. ಗೋಡೆಗೊರಗಿಸಿದ ಹಲಗೆಯ ಮೇಲೆ ಬಣ್ಣ ಕಾಣದ ಬುಗುರಿಗಳು, ಗಿಲಕಿಗಳು, ತಲೆಯಿಲ್ಲದ ಗೊಂಬೆಗಳು ಸಾಲಾಗಿ ಕುಳಿತಿವೆ.

ಲೇತ್ ಮುಂದೆ ಕುಕ್ಕರಗಾಲಲ್ಲಿ ಕುಳಿತವರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ಎಪ್ಪತ್ತರ ಆಸುಪಾಸು. ಉಳಿ ಕೆಳಗಿಟ್ಟು ಕೆಂಪು ಅರಗಿನ ಕಡ್ಡಿ ಕೈಗೆತ್ತಿಕೊಂಡು, ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಮೊದಲು ಪಟ್ಟೆಪಟ್ಟೆ, ಒರಟು. ಆಮೇಲೆ ಒಣಗಿದ ಕೇದಗೆ ಗರಿಯನ್ನು ಮಡಚಿ ಹೆಬ್ಬೆರಳಿನಿಂದ ಅದುಮುತ್ತಾರೆ. ನಾಲ್ಕೈದು ಸುತ್ತು ಸುತ್ತುವುದರೊಳಗೆ ಪಟ್ಟೆಗಳೆಲ್ಲ ಸೇರಿ ಒಂದೇ ಹೊಳಪು. ಮೂಗಿಗೆ ಸುಟ್ಟ ಜೇನುಮೇಣದಂಥ, ತುಸು ಕಹಿ ಬೆರೆತ ವಾಸನೆ. ಅರಗು ಮೆತ್ತಗಾಗಲು 65–70 ಡಿಗ್ರಿ ಸಾಕು, 80ರ ಒಳಗೆ ಕರಗಿಯೇ ಬಿಡುತ್ತದೆ. ಚಾಚಾ ಥರ್ಮಾಮೀಟರ್ ಕಂಡವರಲ್ಲ. ಬಿಸಿ ಹೆಚ್ಚಾದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಬಾಗಿಲಲ್ಲಿ ಒಬ್ಬ ಹುಡುಗಿ ಫೈಲು ಹಿಡಿದು ನಿಂತಿದ್ದಾಳೆ. ಮಾಗಡಿ ಕಡೆಯವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಇಲ್ಲಿನ ಗೊಂಬೆಗಳನ್ನು ಹೊರದೇಶಕ್ಕೆ ಕಳಿಸುವ ಸಣ್ಣ ವ್ಯಾಪಾರಿಯೊಬ್ಬರ ಬಳಿ ಕಾಗದಪತ್ರ ನೋಡಿಕೊಳ್ಳುತ್ತಾಳೆ. ಇವತ್ತು ನೀವು ಅವಳ ಹಿಂದೆ ಹೋಗುತ್ತೀರಿ.

“ಚಾಚಾ, ಈ ಕೆಂಪುದು, ಆ ಹಳದಿದು, ಎರಡೂ ಕಡ್ಡಿ ಬೇಕು. ಬಣ್ಣ ಬೆರೆಸದೇ ಇರೋ ಚಪಡಾನೂ ಒಂದು ಹಿಡಿ.”

“ಏನ್ ಮಾಡ್ತೀಯಮ್ಮಾ?”

“ಜರ್ಮನಿಯೋರು ಕೇಳವ್ರೆ. ಇದು ಏನು ಅಂತ.”

ಚಾಚಾ ಲೇತ್ ನಿಲ್ಲಿಸುತ್ತಾರೆ. “ಅರಗು ಕಣಮ್ಮಾ. ಇನ್ನೇನು?”

ಉತ್ತರ ಸರಿಯಾಗಿಯೇ ಇದೆ. ಆದರೆ ಫೈಲಿನಲ್ಲಿರುವ ನಮೂನೆಗೆ ಅದು ಸಾಲದು. ನೀವೇ ಬಗ್ಗಿ ನೋಡಿ. ಮೇಲ್ಮೈಯ ಲೇಪ ಪಾಲಿಮರ್ ಹೌದೇ, ಅಲ್ಲವೇ? ಹೌದಾದರೆ ಅದರ ಮಾನೋಮರ್‌ಗಳು ಯಾವುವು, ಅವುಗಳ ನೋಂದಣಿ ಸಂಖ್ಯೆ ಏನು? ಅತಿ ಕಳವಳಕಾರಿ ಎಂದು ಪಟ್ಟಿಯಾದ ಪದಾರ್ಥ ಯಾವುದಾದರೂ ಶೇ 0.1ಕ್ಕಿಂತ ಹೆಚ್ಚಿದೆಯೇ? ಪ್ರತಿ ಉತ್ತರಕ್ಕೂ ಆಧಾರವಾದ ಪರೀಕ್ಷಾ ದಾಖಲೆ ಲಗತ್ತಿಸಿ.

ಈ ಪ್ರಶ್ನೆಗಳ ಮೂಲ ಯೂರೋಪಿನ ರೀಚ್ ಕಾನೂನು. 2007ರ ಜೂನ್ 1ರಂದು ಜಾರಿಗೆ ಬಂತು, ಉಸ್ತುವಾರಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿರುವ ಕೆಮಿಕಲ್ಸ್ ಏಜೆನ್ಸಿಯದು. ವರ್ಷಕ್ಕೆ ಒಂದು ಟನ್ ಮುಟ್ಟಿದ ಯಾವ ರಾಸಾಯನಿಕವೂ ಅಲ್ಲಿ ನೋಂದಣಿ ಇಲ್ಲದೆ ಮಾರುಕಟ್ಟೆಗೆ ಬರುವಂತಿಲ್ಲ. ಪಾಲಿಮರ್‌ಗೆ ವಿನಾಯಿತಿ ಇದೆ. ಉದ್ದನೆಯ ದೊಡ್ಡ ಅಣು ಜೀವಕೋಶದೊಳಗೆ ಸುಲಭಕ್ಕೆ ನುಗ್ಗುವುದಿಲ್ಲ, ಪಾಲಿಮರ್‌ಗಳ ಬಗೆಯಂತೂ ಲೆಕ್ಕವಿಲ್ಲದಷ್ಟು. ಹಾಗಾಗಿ ಕಾನೂನು ಪೋಣಿಸಿದ ಸರವನ್ನು ಹೋಗಲು ಬಿಟ್ಟು ಮಣಿಯ ವಿಳಾಸ ಕೇಳುತ್ತದೆ. ಪಾಲಿಮರಿನ ತೂಕದಲ್ಲಿ ಶೇ 2 ಅಥವಾ ಹೆಚ್ಚು ಇರುವ ಮಾನೋಮರ್, ಒಟ್ಟು ವರ್ಷಕ್ಕೆ ಒಂದು ಟನ್ ಮುಟ್ಟಿದರೆ, ಅದನ್ನು ಯಾರಾದರೂ ನೋಂದಾಯಿಸಿರಲೇಬೇಕು. ಯೂರೋಪಿನ ಹೊರಗಿನ ತಯಾರಕ ನೇರವಾಗಿ ಅರ್ಜಿ ಹಾಕುವಂತಿಲ್ಲ. ಅಲ್ಲಿಯ ಆಮದುದಾರ ಹಾಕಬೇಕು, ಇಲ್ಲವೇ ಅಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಿಕೊಳ್ಳಬೇಕು.

ಗೊಂಬೆ ರಾಸಾಯನಿಕವಲ್ಲ, ವಸ್ತು. ಅದರ ಮೇಲಿನ ಅರಗಿಗೆ ಚಾಚಾ ಆಗಲಿ, ಆ ವ್ಯಾಪಾರಿಯಾಗಲಿ ನೋಂದಣಿ ಮಾಡಿಸಬೇಕಿಲ್ಲ. ಹುಡುಗಿಗೆ ಇದು ಗೊತ್ತು. “ಅನ್ವಯಿಸುವುದಿಲ್ಲ” ಎಂದು ಬರೆದರೆ ಕಾನೂನು ಒಪ್ಪುತ್ತದೆ, ಖರೀದಿದಾರ ಒಪ್ಪುವುದಿಲ್ಲ. ಅನ್ವಯಿಸುವುದಿಲ್ಲ ಎನ್ನಲಿಕ್ಕೂ ಅವನಿಗೆ ಪುರಾವೆ ಬೇಕು.

ಅವಳು ಮೂರು ಪ್ಲಾಸ್ಟಿಕ್ ಚೀಲಕ್ಕೆ ಮೂರನ್ನೂ ತುಂಬಿ, ಮೇಲೆ ತಾರೀಖು, ಮೂಟೆಯ ಗುರುತು ಬರೆಯುತ್ತಾಳೆ. ಚಪಡಾ, ಅಂದರೆ ಸೋಸಿದ ಅರಗು, ಎಲ್ಲಿಂದ ಬಂತೆಂದು ಕೇಳುತ್ತಾಳೆ. “ಜಾರ್ಖಂಡ್ ಮಾಲು,” ಅನ್ನುತ್ತಾರೆ ಚಾಚಾ. ಯಾವ ಮರದ್ದು, ಯಾವ ಹಂಗಾಮಿನದ್ದು? “ಅದು ಆ ಹುಳಕ್ಕೇ ಗೊತ್ತು.” ತಮಾಷೆಯಂತೆ ಕೇಳಿಸಿದರೂ ಅದರಲ್ಲಿ ತಪ್ಪಿಲ್ಲ. ಅರಗಿನ ಹುಳ ಮುತ್ತುಗದ ಮೇಲೂ ಕೂರುತ್ತದೆ, ಬೋರೆಯ ಮೇಲೂ, ಕುಸುಮದ ಮರದ ಮೇಲೂ. ಮರ ಬದಲಾದರೆ, ಹಂಗಾಮು ಬದಲಾದರೆ, ಅರಗಿನ ಬಣ್ಣ, ಹರಿವು, ಒಳಗಿನ ಮೇಣದ ಪ್ರಮಾಣ ಎಲ್ಲವೂ ಬದಲು. ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು.

ಬಸ್ಸು ಮೈಸೂರು ರಸ್ತೆಗೆ ಬೀಳುತ್ತದೆ. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡ ರೈತರು ಹತ್ತುತ್ತಾರೆ. ಬಸ್ಸಿಡೀ ಗೂಡಿನ ವಾಸನೆ. ರೇಷ್ಮೆಯೂ ಪಾಲಿಮರೇ. ಫೈಬ್ರೊಯಿನ್ ಎಂಬ ಪ್ರೋಟೀನಿನ ಎಳೆ, ಮೇಲೆ ಸೆರಿಸಿನ್ ಅಂಟು. ಹೀಗೆ ನೋಡಿದರೆ ಒಂದೇ ಜಿಲ್ಲೆಯ ಎರಡು ಊರುಗಳ ಹೊಟ್ಟೆ ತುಂಬಿಸುತ್ತಿರುವುದು ಹುಳಗಳು ಮಾಡಿದ ಎರಡು ಪಾಲಿಮರ್‌ಗಳು. ಹುಡುಗಿಗೆ ಈ ಮಾತು ಹೇಳಿದರೆ ನಗುತ್ತಾಳೆ. “ಅದಕ್ಕೂ ನಮೂನೆ ಬಂದಾತು ಬಿಡಿ.”

ಬಿಡದಿ ದಾಟಿ, ಕೆಂಗೇರಿ ದಾಟಿ, ಪೀಣ್ಯ ತಲುಪುವ ಹೊತ್ತಿಗೆ ಮಧ್ಯಾಹ್ನ. ಶೆಡ್ಡುಗಳ ನಡುವಿನ ಕಟ್ಟಡದ ಎರಡನೇ ಮಹಡಿಯಲ್ಲಿ ಪ್ರಯೋಗಾಲಯ. ಎಸಿಯ ತಂಪು. ಅಸಿಟೋನಿನ ವಾಸನೆ. ಬಿಳಿಕೋಟಿನ ಹಿರಿಯರೊಬ್ಬರು ಚೀಲಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

“ಮೇಡಂ, ಮೊದಲು ಐಆರ್ ತೆಗೆಯೋಣ. ಅದೇ ಅರ್ಧ ಕಥೆ ಹೇಳ್ಬಿಡುತ್ತೆ.”

ಐಆರ್, ಅಂದರೆ ಅವಕೆಂಪು ಬೆಳಕಿನ ಯಂತ್ರ ಸಣ್ಣದು, ಮಿಕ್ಸಿಯ ಪೆಟ್ಟಿಗೆಯಷ್ಟು. ನಡುವೆ ವಜ್ರದ ಹರಳು. ಚಪಡಾದ ಸಾಸಿವೆಯಷ್ಟು ಚೂರನ್ನು ಅದರ ಮೇಲಿಟ್ಟು ತಿರುಪು ಬಿಗಿಯುತ್ತಾರೆ. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಗೆರೆ ಇಳಿದೇರುತ್ತ ಸಾಗುತ್ತದೆ. ತರಂಗಸಂಖ್ಯೆ 3400ರ ಸುತ್ತ ಅಗಲವಾದ ತಗ್ಗು, ಅದು ಹೈಡ್ರಾಕ್ಸಿಲ್ ಗುಂಪು. 2920, 2850ರಲ್ಲಿ ಜೋಡಿ ಮೊನೆ, ಉದ್ದನೆಯ ಕೊಬ್ಬಿನಾಮ್ಲದ ಬೆನ್ನೆಲುಬು. 1715ರ ಬಳಿ ಆಳಕ್ಕಿಳಿದ ಒಂದು, ಆಮ್ಲ ಮತ್ತು ಎಸ್ಟರುಗಳ ಕಾರ್ಬೊನಿಲ್. 1500ರ ಕೆಳಗೆ ಗೀಚಿದಂತಿರುವ ಗಿಜಿಗಿಜಿ. ಇವರು ಅದಕ್ಕೆ ಬೆರಳಚ್ಚಿನ ಪ್ರದೇಶ ಅನ್ನುತ್ತಾರೆ. ಹಳೆಯ ಮಾದರಿ ಅರಗಿನ ಗೆರೆಯನ್ನು ಮೇಲೆ ತಂದು ಕೂರಿಸುತ್ತಾರೆ. ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ.

“ಅರಗೇ,” ಅನ್ನುತ್ತಾರೆ. ಚಾಚಾ ಬೆಳಗ್ಗೆಯೇ ಹೇಳಿದ್ದು.

ಆದರೆ ನಮೂನೆಯ ಮೊದಲ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಯಾವ ಬಂಧಗಳಿವೆ ಎಂದು ಐಆರ್ ಹೇಳಬಹುದು, ಅಣು ಎಷ್ಟು ಉದ್ದ ಎಂದು ಹೇಳಲಾರದು. ಪಾಲಿಮರ್ ಅನ್ನಿಸಿಕೊಳ್ಳಲು ಕಾನೂನಿಗೆ ಅಳತೆ ಇದೆ. ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು ಭಾಗ, ಕನಿಷ್ಠ ಮೂರು ಮಾನೋಮರ್ ಘಟಕಗಳು ಇನ್ನೊಂದಕ್ಕೆ ಬೆಸೆದುಕೊಂಡ ಅಣುಗಳದ್ದಾಗಿರಬೇಕು. ಒಂದೇ ತೂಕದ ಅಣುಗಳೇ ಅರ್ಧಕ್ಕಿಂತ ಹೆಚ್ಚಿರಕೂಡದು. ಇದನ್ನು ತೋರಿಸಲು ಜೆಲ್ ಪರ್ಮಿಯೇಷನ್ ಕ್ರೊಮ್ಯಾಟೊಗ್ರಫಿ ಬೇಕು. ಬಾಯಲ್ಲಿ ಎಲ್ಲರೂ ಜಿಪಿಸಿ ಅನ್ನುತ್ತಾರೆ. ದ್ರಾವಕದಲ್ಲಿ ಕರಗಿಸಿದ ಅರಗನ್ನು ಸಣ್ಣ ಸಣ್ಣ ರಂಧ್ರಗಳ ಕಾಳು ತುಂಬಿದ ಕೊಳವೆಗೆ ಬಿಡುತ್ತಾರೆ. ಪುಟ್ಟ ಅಣುಗಳು ರಂಧ್ರರಂಧ್ರಕ್ಕೂ ಹೊಕ್ಕು ತಡಮಾಡಿ ಬರುತ್ತವೆ, ದೊಡ್ಡವು ಹೊಗಲಾರದೆ ಬೇಗ ಹೊರಬೀಳುತ್ತವೆ. ಯಾವುದು ಯಾವಾಗ ಬಂತೆಂಬ ಲೆಕ್ಕದಿಂದ ಅಣುತೂಕ. ಒಇಸಿಡಿಯ 118ನೇ ಪರೀಕ್ಷಾ ವಿಧಾನ ಇದೇ. ಕಡಿಮೆ ತೂಕದ ಅಣುಗಳ ಪಾಲು ಎಷ್ಟೆಂದು ನೋಡುವುದಕ್ಕೆ 119, ನೀರಿನಲ್ಲಿ ಎಷ್ಟು ಕರಗಿ ಹೊರಬರುತ್ತದೆ ಎಂಬುದಕ್ಕೆ 120.

ಅರಗಿನ ವಿಚಾರದಲ್ಲಿ ಇಲ್ಲೊಂದು ಮೋಜಿದೆ. ಪ್ಲಾಸ್ಟಿಕ್ ಬಕೆಟ್ಟಿನ ಅಣುತೂಕ ಲಕ್ಷಗಳಲ್ಲಿ ಎಣಿಸುವಂಥದ್ದು. ಅರಗಿನದು ಸರಾಸರಿ ಸಾವಿರದ ಆಸುಪಾಸು. ಅದರ ಮುಖ್ಯ ಘಟಕ ಅಲ್ಯುರಿಟಿಕ್ ಆಮ್ಲ, ಅಣುತೂಕ 304. ಜೊತೆಗಾರ ಜಲಾರಿಕ್ ಆಮ್ಲ, 280. ನಾಲ್ಕು ಘಟಕ ಜೋಡಿಸಿ, ಜೋಡಣೆಯಲ್ಲಿ ಕಳೆದುಹೋಗುವ ನೀರನ್ನು ಕಳೆದರೆ ಹೆಚ್ಚುಕಡಿಮೆ 1100. ಅಂದರೆ ಕಾನೂನು ಪಾಲಿಮರ್‌ಗೆ ಎಳೆದ ಗೆರೆಯ ಹತ್ತಿರ ಹತ್ತಿರವೇ ಅರಗು ನಿಂತಿದೆ. ಹಿರಿಯರು ಹಳೆಯ ಮಾದರಿ ಅರಗಿನ ಜಿಪಿಸಿಯ ಗುಡ್ಡದಂಥ ವಕ್ರರೇಖೆಯನ್ನು ಪೆನ್ಸಿಲಿನಿಂದ ಎರಡು ಭಾಗ ಮಾಡಿ ತೋರಿಸುವಾಗ ನಿಮಗೂ ಅನ್ನಿಸುತ್ತದೆ: ಇಷ್ಟು ತೆಳುವಾದ ಜಾಗದಲ್ಲಿ ಹೌದು-ಅಲ್ಲ ಎಂದು ಬರೆಯುವವರು ಎಷ್ಟು ಎಚ್ಚರವಾಗಿರಬೇಕು!

ಅರಗಿನ ಮಾನೋಮರ್ ಮಾಡಿದ್ದು ಕಾರ್ಖಾನೆಯಲ್ಲ, ಹುಳದ ಮೈ. ಪ್ರಕೃತಿಯಲ್ಲೇ ಆದ ಪಾಲಿಮರ್‌ನ ಘಟಕಗಳನ್ನು ನೋಂದಾಯಿಸಬೇಕಿಲ್ಲ ಎಂದು ಏಜೆನ್ಸಿಯ ಮಾರ್ಗಸೂಚಿಯೇ ಹೇಳುತ್ತದೆ. ಹುಡುಗಿ ಆ ಸಾಲಿನ ಕೆಳಗೆ ಗೆರೆ ಎಳೆದುಕೊಂಡಿದ್ದಾಳೆ. ಹಿರಿಯರು ಎಚ್ಚರಿಸುತ್ತಾರೆ: “ನಿಮ್ಮದು ಹಾಗೇ ಕಾಯಿಸಿ ಸೋಸಿದ ಅರಗು ತಾನೇ? ಬ್ಲೀಚ್ ಮಾಡಿದ ಬಿಳಿ ಅರಗು ತಗೊಂಡ್ರೆ ಕಥೆ ಬೇರೆ.” ಬ್ಲೀಚಿಗೆ ಹಾಕುವ ಹೈಪೋಕ್ಲೋರೈಟಿನ ಕ್ಲೋರಿನ್ ಅಣುವಿಗೇ ಅಂಟಿಕೊಳ್ಳುತ್ತದೆ. ಆಗ ಅದು ಹುಳ ಕೊಟ್ಟ ಪದಾರ್ಥವಾಗಿ ಉಳಿಯುವುದಿಲ್ಲ.

ಜಿಪಿಸಿ ಮುಗಿಯಲು ಹೊತ್ತಿದೆ. ಪಕ್ಕದ ಮೇಜಿಗೆ ಬನ್ನಿ.

ಅಲ್ಲಿ ಕಂದು ಬಣ್ಣದ ಗಾಜಿನ ಬಾಟಲಿ, ಸುತ್ತ ಮಂಜುಗಡ್ಡೆ. ಹಾರೋಹಳ್ಳಿಯಲ್ಲಿ ಅಕ್ರಿಲಿಕ್ ರಾಳ ಮಾಡುವ ಕಾರ್ಖಾನೆಯಿಂದ ಬಂದದ್ದು. ಒಳಗಿರುವುದು ಸ್ಟೈರೀನ್. ಬಿರಡೆ ತೆಗೆದರೆ ಸಿಹಿಯಾಗಿ ಶುರುವಾಗಿ ತಲೆಗೇರುವ ಘಾಟು. ಥರ್ಮಾಕೋಲಿನ ಮೂಲದ್ರವ್ಯ ಇದೇ. ಈ ಬಾಟಲಿಗೆ ಯಾವ ವಿನಾಯಿತಿಯೂ ಇಲ್ಲ. ರಾಳದೊಳಗೆ ಸೇರಿ ಕರಗಿಹೋಗುವ ವಸ್ತುವಾದರೂ, ಮಧ್ಯವರ್ತಿ ರಾಸಾಯನಿಕಗಳಿಗೆ ಸಿಗುವ ರಿಯಾಯಿತಿ ಮಾನೋಮರ್‌ಗೆ ಸಿಗದು ಎಂದು ಕಾನೂನು ಸ್ಪಷ್ಟವಾಗಿ ಬರೆದಿದೆ.

ಹಾಗಾದರೆ ಏನೇನು ಕೊಡಬೇಕು? ಹೆಸರು, ರಚನೆ, ಗುರುತಿನ ಸಂಖ್ಯೆಗಳು. ಸ್ಟೈರೀನಿನ ಸಿಎಎಸ್ ಸಂಖ್ಯೆ 100-42-5. ಅದು ಸುಲಭ, ಯಾವ ಪುಸ್ತಕದಲ್ಲೂ ಸಿಗುತ್ತದೆ. ಅಧಿಕಾರಿ ನೋಡುವುದು ಅದನ್ನಲ್ಲ. ಈ ಬಾಟಲಿಯಲ್ಲಿರುವುದು ಆ ಹೆಸರಿನದ್ದೇ ಎಂಬುದಕ್ಕೆ ರೋಹಿತಗಳು: ಯುವಿ, ಐಆರ್, ಎನ್‌ಎಂಆರ್ ಅಥವಾ ಮಾಸ್. ಎಷ್ಟು ಶುದ್ಧ ಎಂಬುದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಮ್. ಜೊತೆಗೆ, ಇನ್ನೊಬ್ಬ ಓದಿಕೊಂಡು ಅದೇ ಪರೀಕ್ಷೆಯನ್ನು ಮತ್ತೆ ಮಾಡುವಷ್ಟು ವಿವರವಾಗಿ ಬರೆದ ವಿಧಾನ. ಒಂದೇ ಘಟಕದ ಪದಾರ್ಥ ಎನ್ನಬೇಕಾದರೆ ಆ ಘಟಕ ಶೇ 80ಕ್ಕೆ ಕಮ್ಮಿಯಿರಬಾರದು. ಶೇ 1 ಮುಟ್ಟಿದ ಕಲ್ಮಶ ಪ್ರತಿಯೊಂದಕ್ಕೂ ಹೆಸರು ಹೇಳಬೇಕು. ವಿಷವೆಂದು ವರ್ಗವಾಗಬಲ್ಲ ಕಲ್ಮಶವಾದರೆ ಅದಕ್ಕೂ ಕಡಿಮೆಯಿದ್ದರೂ ಹೇಳಬೇಕು.

ಎನ್‌ಎಂಆರ್ ರೋಹಿತದ ಹಾಳೆಯನ್ನು ಹಿರಿಯರು ನಿಮ್ಮ ಮುಂದೆ ಹರಡುತ್ತಾರೆ. 5.2, 5.7, 6.7ರಲ್ಲಿ ಮೂರು ಪುಟ್ಟ ಗೊಂಚಲು. ಸ್ಟೈರೀನಿನ ಜೋಡಿಬಂಧದ ಮೂರು ಹೈಡ್ರೋಜನ್‌ಗಳವು. ಪಕ್ಕದಲ್ಲಿ ಅದೇ ಸ್ಟೈರೀನ್ ಸರಪಳಿಯಾದ ಮೇಲಿನ ಹಾಳೆ. ಮೂರೂ ಮಾಯ. ಐಆರ್‌ನಲ್ಲೂ ಅಷ್ಟೇ, 1630, 990, 908ರ ಮೊನೆಗಳು ಅಳಿಸಿಹೋಗಿವೆ. “ಪೂರ್ತಿ ಹೋಗಲ್ಲ,” ಅನ್ನುತ್ತ ಅವರು ಪೆನ್ಸಿಲಿನ ತುದಿಯನ್ನು 5.2ರ ಬಳಿ ಒಯ್ಯುತ್ತಾರೆ. ಕಣ್ಣು ಕಿರಿದು ಮಾಡಿ ನೋಡಿ: ತಳದ ಗೆರೆ ಅಲ್ಲಿ ಕೂದಲೆಳೆಯಷ್ಟು ಎದ್ದಿದೆ. ಸರಕ್ಕೆ ಸೇರದೆ ಉಳಿದ ಸ್ಟೈರೀನ್. ಅದರ ಲೆಕ್ಕ ಹಿಡಿಯಲು ಎನ್‌ಎಂಆರ್ ಸಾಲದು. ರಾಳವನ್ನು ಮುಚ್ಚಿದ ಸೀಸೆಯಲ್ಲಿ ಬಿಸಿ ಮಾಡಿ, ಮೇಲೆದ್ದ ಆವಿಯನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಎಳೆದುಕೊಳ್ಳಬೇಕು.

ಬಾಟಲಿಯಲ್ಲಿ ಇನ್ನೂ ಒಂದಿದೆ. ಸ್ಟೈರೀನ್ ತನ್ನಷ್ಟಕ್ಕೇ ಗಟ್ಟಿಯಾಗದಿರಲೆಂದು ದಶಲಕ್ಷಕ್ಕೆ ಹತ್ತು-ಹದಿನೈದು ಭಾಗದಂತೆ ಬೆರೆಸಿದ ಬ್ಯೂಟೈಲ್ ಕ್ಯಾಟೆಕಾಲ್. ಕಾನೂನಿನ ಕಣ್ಣಲ್ಲಿ ಅದು ಕಲ್ಮಶವಲ್ಲ. ಪದಾರ್ಥ ಕೆಡದಂತೆ ಕಾಯುವ ಸ್ಥಿರಕಾರಿ ಪದಾರ್ಥದ್ದೇ ಒಂದು ಭಾಗ. ಬೇರ್ಪಡಿಸಲು ಬರುವ ದ್ರಾವಕ ಮಾತ್ರ ಲೆಕ್ಕದಿಂದ ಹೊರಗೆ. ಹೊಸಬರು ಎಡವುವುದೇ ಇಲ್ಲಿ ಎಂದು ಹಿರಿಯರು ಬೇಸರದಿಂದ ಹೇಳುತ್ತಾರೆ. ಕ್ರೊಮ್ಯಾಟೊಗ್ರಾಮ್ ಒಂದು ಸಂಖ್ಯೆ ಹೇಳಿದರೆ ಅರ್ಜಿಯ ಕೋಷ್ಟಕ ಇನ್ನೊಂದು ಹೇಳುತ್ತದೆ. ಅರ್ಜಿ ವಾಪಸು ಬರುತ್ತದೆ. ಇನ್ನು ಆ ಶೇ 2ರ ಗೆರೆ. ಶೇ 1.9ಕ್ಕೆ ನಿಲ್ಲಿಸಿದ ಪಾಕಗಳು ಲೋಕದಲ್ಲಿ ಎಷ್ಟಿರಬಹುದು ಎಂದು ನಿಮಗೆ ಅನುಮಾನ ಬಂದರೆ, ಬರಲಿ. ಎಲ್ಲಿ ಗೆರೆ ಇದೆಯೋ ಅದರ ಈಚೆ ಜನ ಗುಂಪುಗೂಡುವುದು ಸಹಜ.

ಜಿಪಿಸಿಗೆ ಕಾಯುತ್ತ ಹುಡುಗಿ ಚಹಾ ಕುಡಿಯುತ್ತ ಒಂದು ಹಳೆಯ ಸಂಗತಿ ಎತ್ತುತ್ತಾಳೆ. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೊ ಬೇಕಲ್ಯಾಂಡ್ ಹುಡುಕಹೊರಟಿದ್ದು ನಮ್ಮ ಅರಗಿಗೆ ಬದಲಿಯನ್ನು. ವಿದ್ಯುತ್ ತಂತಿಗಳ ಹೊದಿಕೆಗೆ ಅರಗು ಬೇಕಿತ್ತು, ಹುಳ ಕೊಡುವಷ್ಟು ಸಾಲುತ್ತಿರಲಿಲ್ಲ. ಫೀನಾಲ್, ಫಾರ್ಮಾಲ್ಡಿಹೈಡ್ ಬೆರೆಸಿ ಒತ್ತಡದಲ್ಲಿ ಬೇಯಿಸಿ 1907ರಲ್ಲಿ ಬೇಕಲೈಟ್ ಮಾಡಿದ, ಪೂರ್ತಿ ಮನುಷ್ಯನೇ ಮಾಡಿದ ಮೊದಲ ಪ್ಲಾಸ್ಟಿಕ್. ರೀಚ್ ಕಾನೂನಿನ ಸಂಖ್ಯೆಯೂ 1907/2006. ಬರೀ ಕಾಕತಾಳೀಯ, ಆದರೂ ಹೇಳಿಕೊಂಡು ನಗಲು ಚೆನ್ನಾಗಿದೆ.

ಈಗ ಕಡ್ಡಿಗಳ ಸರದಿ. ಇಲ್ಲಿಂದ ಹುಡುಗಿಯ ಮುಖ ಗಂಭೀರವಾಗುತ್ತದೆ. ಅರಗಿನ ಬಗ್ಗೆ ಅವಳಿಗೆ ಭಯವಿರಲಿಲ್ಲ. ಭಯ ಬಣ್ಣದ್ದು.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಆದೇಶ ಜಾರಿಯಲ್ಲಿದೆ. ಐಎಸ್ 9873 ಮಾನಕದಂತೆ ಪರೀಕ್ಷೆಯಾಗಿ ಮುದ್ರೆ ಬೀಳದ ಆಟಿಕೆ ಮಾರುವಂತಿಲ್ಲ. ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಗುರುತು ಪಡೆದ ಆಟಿಕೆಗಳ ಅಧಿಕೃತ ಬಳಕೆದಾರರಿಗೆ ಮಾತ್ರ ಅದರಿಂದ ವಿನಾಯಿತಿ. ಚನ್ನಪಟ್ಟಣದ ಗೊಂಬೆಗೆ ಆ ಗುರುತು 2005–06ರಲ್ಲೇ ಸಿಕ್ಕಿದೆ. ಬೆಂಗಳೂರಿನ ಮಗುವಿಗೆ ಹೋಗುವ ಗೊಂಬೆಗೆ ಪರೀಕ್ಷೆ ಐಚ್ಛಿಕ, ಬರ್ಲಿನ್ ಮಗುವಿಗೆ ಹೋಗುವುದಕ್ಕೆ ಕಡ್ಡಾಯ. ಕುಶಲಕರ್ಮಿಯ ಬೆನ್ನಿನ ಮೇಲೆ ಪರೀಕ್ಷೆಯ ಖರ್ಚು ಹೇರದಿದ್ದದ್ದು ಸರಿಯೇ. ಖರ್ಚನ್ನು ಸರಕಾರ ಹೊತ್ತು ಪರೀಕ್ಷೆ ಮಾಡಿಸಿದ್ದರೆ ಇನ್ನೂ ಸರಿಯಿತ್ತು ಎಂಬುದು ನನ್ನ ಅಭಿಪ್ರಾಯ.

ಹಳದಿ ಕಡ್ಡಿಯನ್ನು ಪ್ರಯೋಗಾಲಯದ ಹುಡುಗನೊಬ್ಬ ಬ್ಲೇಡಿನಿಂದ ಹೆರೆಯುತ್ತಿದ್ದಾನೆ. ಕಾಗದದ ಮೇಲೆ ಅರಿಶಿನದ ಪುಡಿಯಂತೆ ಉದುರುತ್ತದೆ. ಅರ್ಧ ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿ, ತೂಗಿ, ಅದರ ಐವತ್ತರಷ್ಟು ತೂಕದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಸುರಿಯುತ್ತಾನೆ. ಸಾಂದ್ರತೆ ಲೀಟರಿಗೆ 0.07 ಮೋಲ್, ಉಷ್ಣತೆ 37 ಡಿಗ್ರಿ. ಒಂದು ಗಂಟೆ ಕುಲುಕಾಟ, ಇನ್ನೊಂದು ಗಂಟೆ ಸುಮ್ಮನೆ. ಬೆಳಕು ತಾಗಬಾರದು. ಗೊಂಬೆ ಕಚ್ಚಿ ಚೂರು ನುಂಗಿದ ಮಗುವಿನ ಹೊಟ್ಟೆಯನ್ನೇ ಸೀಸೆಯೊಳಗೆ ತಂದಿಟ್ಟ ಹಾಗೆ. ಆಮೇಲೆ ಸೋಸಿದ ನೀರನ್ನು ಐಸಿಪಿ ಯಂತ್ರದ ಸುಡುಬಿಸಿಯ ಆರ್ಗಾನಿಗೆ ಬಿಟ್ಟರೆ ಒಂದೊಂದು ಲೋಹವೂ ತನ್ನ ಹೆಸರು ಹೇಳುತ್ತದೆ. ಭಾರತದ ಮಾನಕ ಎಂಟು ಧಾತುಗಳನ್ನು ಕೇಳುತ್ತದೆ, ಸೀಸಕ್ಕೆ ಮಿತಿ ಕಿಲೋಗೆ 90 ಮಿಲಿಗ್ರಾಂ. ಯೂರೋಪಿನದು ಹತ್ತೊಂಬತ್ತು ಧಾತು. ಹೆರೆದ ಲೇಪದಲ್ಲಿ ಸೀಸಕ್ಕೆ 23.

“ಸೀಸ ಒಂದೇ ಬಂದ್ರೆ ನೂರು ಕಾರಣ ಇರುತ್ತೆ,” ಹಿರಿಯರು ಯಂತ್ರದ ಮೇಲೆ ಕಣ್ಣಿಟ್ಟೇ ಹೇಳುತ್ತಾರೆ. “ಸೀಸ, ಕ್ರೋಮಿಯಂ ಜೋಡಿಯಾಗಿ ಬಂದ್ರೆ ನಾನು ಕೇಳೋದು ಒಂದೇ ಪ್ರಶ್ನೆ. ಹಳದಿ ಎಲ್ಲಿಂದ ತಂದ್ರಿ?”

ಲೆಡ್ ಕ್ರೋಮೇಟ್. ಹಳೆಯ ಕಾಲದ ಅಗ್ಗದ, ಮಾಸದ ಹಳದಿ. ಯೂರೋಪಿನ ಕಳವಳಕಾರಿ ಪಟ್ಟಿಯಲ್ಲಿ 2010ರಿಂದ ಇದೆ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಇದು ಮಾಸುವುದಿಲ್ಲ.

“ನಮ್ದು ಬರೀ ಅರಿಶಿನ ಸರ್.”

“ಗೊತ್ತು ಮೇಡಂ. ಅದಕ್ಕೇ ಹೇಳಿದ್ದು.”

ಅಡುಗೆಯ ಅರಿಶಿನಕ್ಕೇ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಬೆರೆಸುವುದು ದಕ್ಷಿಣ ಏಷ್ಯಾದಲ್ಲಿ ಹೊಸ ಸುದ್ದಿಯಲ್ಲ. ಬಾಂಗ್ಲಾದೇಶದಲ್ಲಿ ಅದು ಪತ್ತೆಯಾಗಿ ದೊಡ್ಡ ಗುಲ್ಲೆದ್ದಿತ್ತು. ಡಬ್ಬಿಯ ಮೇಲೆ ಸಸ್ಯಜನ್ಯ ಬಣ್ಣ ಎಂದು ಬರೆದ ಮಾತ್ರಕ್ಕೆ ಐಸಿಪಿ ನಂಬುವುದಿಲ್ಲ.

ಪರದೆಯ ಮೇಲೆ ಅಂಕಿಗಳು ಬರುತ್ತವೆ. ಸೀಸ ಮಿತಿಗಿಂತ ಬಹಳ ಕೆಳಗೆ. ಕ್ರೋಮಿಯಂ ಪತ್ತೆಯಿಲ್ಲ. ಹುಡುಗಿ ಹಿಡಿದಿದ್ದ ಉಸಿರು ಬಿಡುತ್ತಾಳೆ. ಕೆಂಪು ಕಡ್ಡಿಯೂ ಪಾಸು. ವರದಿಯ ಕೊನೆಯಲ್ಲಿ ಎಂದಿನ ಸಾಲು: ಈ ಫಲಿತಾಂಶ ಸಲ್ಲಿಸಿದ ಮಾದರಿಗಷ್ಟೇ ಅನ್ವಯ. ಅದರ ಮೇಲೆ ಬೆರಳಿಟ್ಟು ಅವಳು ಹೊರಗೆ ಬಂದು ಫೋನ್ ಹಚ್ಚುತ್ತಾಳೆ. ಆ ಕಡೆ ಲೇತ್ ಸದ್ದು ನಿಲ್ಲುತ್ತದೆ.

“ಚಾಚಾ, ಎಲ್ಲಾ ಸರಿಯಾಗದೆ. ಮುಂದಿನ ಸಲ ಹಳದಿಗೆ ಅಂಗಡಿ ಪುಡಿ ಬ್ಯಾಡ. ಕೊಂಬೇ ತನ್ನಿ, ನಾವೇ ಕುಟ್ಸೋಣ.”

“ಈಗ ಕೊಂಬಿಗೂ ಬಣ್ಣ ಹಚ್ತಾರೆ ಕಣಮ್ಮಾ.”

ಅವಳು ಅರೆಗಳಿಗೆ ಸುಮ್ಮನಿದ್ದು ಫೈಲು ಬಿಚ್ಚಿ, ಮುಂದಿನ ಮಾದರಿಗಳ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾಳೆ: ಅರಿಶಿನದ ಕೊಂಬು, ಇಡಿಯದು, ತೊಳೆಯದೆ.